ಮೈಕುವಿನ ಮೊದಲ ಸಾಲು

“ಐವತ್ತು ವರ್ಷಗಳ ಹಿಂದೆ ಇಲ್ಲಿ ಯಾರೂ ಇರಲಿಲ್ಲ! ಇದ್ದದ್ದು ಕಾಡು, ಕಾಡು, ಬರೀ ಕಾಡು!”

ಮೈಕು ಮಂಚದ ಮೇಲೆ ನಿಂತು ಬಲಗೈಯನ್ನು ಕಿಟಕಿಯತ್ತ ಚಾಚಿದಳು. ಕೊನೆಯ ‘ಕಾಡು’ ಎಷ್ಟು ಜೋರಾಗಿತ್ತೆಂದರೆ, ಪಕ್ಕದ ಮನೆಯ ನಾಯಿ ಎರಡು ಸಲ ಬೊಗಳಿ ಉತ್ತರ ಕೊಟ್ಟಿತು.

ಅವಳ ನಿಜವಾದ ಹೆಸರು ಬೇರೆ. ಆದರೆ ಒಂದನೇ ಕ್ಲಾಸಿನಲ್ಲಿ ಅವಳು “ಪ್ರೆಸೆಂಟ್ ಮಿಸ್” ಅಂದದ್ದು ಆಚೆ ಬಿಲ್ಡಿಂಗಿನ ಐದನೇ ಕ್ಲಾಸಿಗೂ ಕೇಳಿಸಿತ್ತು. ಅವತ್ತಿನಿಂದ ಎಲ್ಲರಿಗೂ ಅವಳು ಮೈಕು.

ಈಗ ಅವಳೇ ಐದನೇ ಕ್ಲಾಸು. ಊರಿಗೆ ಅಂಟಿಕೊಂಡೇ ಇರುವ ರಾಷ್ಟ್ರೀಯ ಉದ್ಯಾನಕ್ಕೆ ಈ ವರ್ಷ ಐವತ್ತು ತುಂಬುತ್ತಿತ್ತು. ಅದಕ್ಕೆಂದು ಸ್ಕೂಲಿನಲ್ಲಿ ನಾಟಕ. ಇಷ್ಟು ವರ್ಷ ಮೈಕುವಿಗೆ ನಾಟಕದಲ್ಲಿ ಸಿಕ್ಕಿದ್ದು ಮರ, ಬಂಡೆ, ಒಂದು ಸಲ ಚಂದ್ರ. ಎಲ್ಲವೂ ಬಾಯಿ ಬಿಡದ ಪಾರ್ಟುಗಳೇ. ಈ ಸಲ ಅವಳೇ ಕತೆ ಹೇಳುವವಳು. ಮೊದಲ ಸಾಲೂ ಅವಳದು, ಕೊನೆಯ ಸಾಲೂ ಅವಳದು.

ಮಂಚದ ಪಕ್ಕದಲ್ಲಿ ಅಜ್ಜಿ ಹೊಲಿಗೆ ಮಷಿನ್ ತುಳಿಯುತ್ತಿದ್ದಳು. ಆ ಬೀದಿಗೆಲ್ಲ ಟೈಲರ್ ಅವಳೇ. ನಾಟಕಕ್ಕೆ ಆರು ಜಿಂಕೆ, ಎರಡು ಹಂದಿ, ಒಂದು ಕರಡಿಯ ಬಟ್ಟೆ ಹೊಲಿದುಕೊಡಲು ಒಪ್ಪಿಕೊಂಡಿದ್ದಳು. ಮೈಕುವಿನ ಮಾತು ಮುಗಿದಾಗ ಮಷಿನ್ ಸದ್ದು ನಿಂತಿತು.

“ಇನ್ನೊಂದ್ಸಲ ಹೇಳು,” ಎಂದಳು ಅಜ್ಜಿ.

ಮೈಕುವಿಗೆ ಖುಷಿಯಾಯಿತು. ಗಂಟಲು ಸರಿ ಮಾಡಿಕೊಂಡು ಮತ್ತೆ ಹೇಳಿದಳು.

“ಯಾರೂ ಇರ್ಲಿಲ್ವಾ?”

“ಯಾರೂ ಇರ್ಲಿಲ್ಲ. ಉದ್ಯಾನ ಮಾಡೋಕ್ ಮುಂಚೆ ಬರೀ ಪ್ರಾಣಿಗಳು.”

ಅಜ್ಜಿ ಅರ್ಧ ಹೊಲಿದಿದ್ದ ಜಿಂಕೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. “ಹಾಗಾದ್ರೆ ನಾನೇನು ಇದರ ಹೊಟ್ಟೇಲಿ ಹುಟ್ಟಿದ್ನಾ?”

ಮೈಕು ಹೊಟ್ಟೆ ಹಿಡಿದುಕೊಂಡು ನಕ್ಕಳು. ಸ್ವಲ್ಪ ಹೊತ್ತಾದ ಮೇಲೆ ನಗುತ್ತಿರುವುದು ತಾನೊಬ್ಬಳೇ ಎಂದು ಗೊತ್ತಾಯಿತು. ಮಂಚದಿಂದ ಕೆಳಗಿಳಿದಳು.

“ನೀನು ಈ ಊರಲ್ಲೇ ಅಲ್ವಾ ಅಜ್ಜಿ ಹುಟ್ಟಿದ್ದು?”

“ಅಲ್ಲ. ಈಗ ನಿಮ್ಮಮ್ಮ ಬಸ್ ಓಡಿಸ್ತಾಳಲ್ಲ, ಆ ಕಾಡೊಳಗೆ.” ಅಜ್ಜಿ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು. “ಹೊಳೆ ಈ ಕಡೆ ಇಪ್ಪತ್ತು ಮನೆ, ಆ ಕಡೆ ಹದಿನೆಂಟು. ಒಂದು ಸ್ಕೂಲಿತ್ತು, ಒಂದೇ ರೂಮು. ನಾನು ನಿನ್ನ ಹಾಗೇ ಐದನೇ ಕ್ಲಾಸು. ಜಾಗ ಬಿಡಿ ಅಂತ ಸೋಮವಾರ ಕಾಗದ ಬಂತು, ಶನಿವಾರ ಲಾರಿ ಬಂತು. ಪಾತ್ರೆ ಪಗಡೆ, ಕೋಳಿ, ಕುರಿ, ಸ್ಕೂಲಿನ ಬೆಂಚು, ಎಲ್ಲ ಲಾರಿಗೆ. ನಾನು ಈ ಊರಿಗೆ ಬಂದಿದ್ದು ನನ್ನ ಕ್ಲಾಸಿನ ಬೆಂಚ್ ಮೇಲೆ ಕೂತ್ಕೊಂಡು.”

“ನೀನು ಯಾವತ್ತೂ ಹೇಳೇ ಇಲ್ಲ!”

“ಯಾವತ್ತು ಕೇಳಿದ್ದೆ?”

ಮೈಕು ಕೈಯಲ್ಲಿದ್ದ ಹಾಳೆ ನೋಡಿದಳು. ‘ಯಾರೂ ಇರಲಿಲ್ಲ’ ಎಂಬ ಸಾಲಿನ ಕೆಳಗೆ, ಜೋರಾಗಿ ಹೇಳಬೇಕೆಂದು ಅವಳೇ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದಳು.

“ಆದ್ರೆ ಸ್ಕ್ರಿಪ್ಟ್‌ನಲ್ಲಿ ಹೀಗೇ ಇದೆ.”

“ಇದ್ರೆ ಹೇಳು. ನಾನೇನು ಬೇಡ ಅಂದ್ನಾ?” ಎಂದು ಅಜ್ಜಿ ಮತ್ತೆ ಮಷಿನ್ ತುಳಿಯತೊಡಗಿದಳು. ಆದರೆ ಹೊಲಿಗೆ ಸೊಟ್ಟಗೆ ಹೋಯಿತು. ಅಜ್ಜಿಯ ಹೊಲಿಗೆ ಸೊಟ್ಟಗೆ ಹೋಗಿದ್ದನ್ನು ಮೈಕು ಅದಕ್ಕೆ ಮೊದಲು ನೋಡಿರಲಿಲ್ಲ.

ಸಂಜೆ ಅಮ್ಮ ಮನೆಗೆ ಬಂದಳು. ಉದ್ಯಾನ ನೋಡಲು ಬರುವವರನ್ನು ಹಸಿರು ಬಸ್ಸಿನಲ್ಲಿ ಕಾಡೊಳಗೆ ಸುತ್ತಿಸುವುದು ಅವಳ ಕೆಲಸ. ಶೂ ಬಿಚ್ಚುವ ಮೊದಲೇ ಮೈಕು ಅವಳನ್ನು ಹಿಡಿದುಕೊಂಡಳು.

“ಅಮ್ಮ, ಕಾಡಲ್ಲಿ ಅಜ್ಜಿ ಊರಿತ್ತಂತೆ. ನಿಂಗೊತ್ತಿತ್ತಾ?”

ಅಮ್ಮ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು. “ಗೊತ್ತಿತ್ತು. ಅವಳು ಹೇಳ್ತಿರ್ಲಿಲ್ಲ, ನಾನು ಕೇಳ್ತಿರ್ಲಿಲ್ಲ. ದಾರೀಲಿ ಒಂದು ತಿರುವಿದೆ. ನಾವು ಡ್ರೈವರುಗಳೆಲ್ಲ ಅದನ್ನ ಸಾಮಿಲ್ ತಿರುವು ಅಂತೀವಿ. ಮರ ಕೊಯ್ಯೋ ಸಾಮಿಲ್ ಅಲ್ಲಿತ್ತಂತೆ. ಈಗ ಹೋದ್ರೆ ಹುಲ್ಲು, ಜಿಂಕೆ. ಒಂದು ಇಟ್ಟಿಗೇನೂ ಕಾಣಲ್ಲ.”

ಮರುದಿನ ಮೈಕು ಪ್ರೇಯರ್ ಮುಗಿದ ಕೂಡಲೇ ಟೀಚರ್ ಮೇಜಿನ ಮುಂದೆ ನಿಂತಿದ್ದಳು.

ಟೀಚರ್ ಬಣ್ಣದ ಡಬ್ಬಿ ಎಣಿಸುತ್ತಾ ಅರ್ಧ ಕಿವಿಯಲ್ಲಿ ಕೇಳಿಸಿಕೊಂಡರು. ಆಮೇಲೆ ಡ್ರಾಯರಿನಿಂದ ತೆಳ್ಳನೆಯ ಪುಸ್ತಕ ತೆಗೆದರು. ಮುಖಪುಟದಲ್ಲಿ ಜಿಂಕೆ.

“ನೋಡು. ‘ಮನುಷ್ಯರ ಸುಳಿವೇ ಇಲ್ಲದ ಕಾಡು. ಆಗ ಉಳಿದಿದ್ದು ಬರೀ ನಲವತ್ತು ಜಿಂಕೆ.’ ಇದನ್ನ ಉದ್ಯಾನದ ಆಫೀಸಿನವರೇ ಅಚ್ಚು ಹಾಕಿಸಿದ್ದು. ಅವರಿಗೆ ಗೊತ್ತಿಲ್ದೆ ಇರುತ್ತೇನಮ್ಮಾ?”

“ಆದ್ರೆ ಅಜ್ಜಿ—”

“ಶುಕ್ರವಾರ ನಾಟಕ. ಆಫೀಸರ್ ಮೇಡಂ ಮೊದಲನೇ ಸಾಲಲ್ಲಿ ಕೂತಿರ್ತಾರೆ. ಇನ್ನೂ ಕರಡಿಗೆ ಕುಣಿಯೋಕೆ ಬರಲ್ಲ. ನೀನು ನಿನ್ನ ಡೈಲಾಗ್ ನೋಡ್ಕೋ ಪುಟ್ಟಿ.”

ಮೈಕು ವಾಪಸ್ ಬಂದಳು. ಪ್ರಾಕ್ಟೀಸ್ ಶುರುವಾಯಿತು. ಆರು ಜಿಂಕೆಗಳು ಮಂಡಿಯೂರಿ ಕುಳಿತವು. ಮೈಕು ಮುಂದೆ ಬಂದು ಕೈ ಚಾಚಿದಳು.

“ಐವತ್ತು ವರ್ಷಗಳ ಹಿಂದೆ ಇಲ್ಲಿ…”

ಮುಂದಿನ ಮಾತು ಬಾಯಿಗೆ ಬರಲೇ ಇಲ್ಲ. ಕಣ್ಣ ಮುಂದೆ ಬೆಂಚು ಹೊತ್ತ ಲಾರಿ, ಅದರ ಮೇಲೆ ಎರಡು ಜಡೆಯ ಹುಡುಗಿ.

“ಮೈಕು, ಕರೆಂಟ್ ಹೋಯ್ತಾ?” ಎಂದ ಕರಡಿ ಪಾರ್ಟಿನ ಹುಡುಗ. ಜಿಂಕೆಗಳೆಲ್ಲ ಬಿದ್ದು ಬಿದ್ದು ನಕ್ಕವು.

ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ದನಿ ಬಂತು, ಆದರೆ ಸೊಳ್ಳೆಯ ದನಿ.

“ಏನಾಗಿದೆ ನಿಂಗೆ?” ಟೀಚರ್ ಹಣೆ ಒತ್ತಿಕೊಂಡರು. “ನಾಳೆನೂ ಹೀಗೇ ಆದ್ರೆ ಲೀಡರ್ ಹೇಳ್ಲಿ. ಅವಳಿಗೆ ಎಲ್ಲರ ಡೈಲಾಗೂ ಬಾಯಿಪಾಠ.”

ಕ್ಲಾಸ್ ಲೀಡರ್ ಜಡೆಯನ್ನು ಹಿಂದಕ್ಕೆ ಎಸೆದು ನೆಟ್ಟಗೆ ನಿಂತಳು. ನಾಟಕದಲ್ಲಿ ಕಾಡು ಉಳಿಸುವ ಆಫೀಸರ್ ಪಾರ್ಟು ಅವಳದೇ. ಇದೂ ಸಿಕ್ಕರೆ ಅವಳಿಗೆ ಬೇಡವೇ?

ಮನೆಗೆ ಬಂದ ಮೈಕು ಬ್ಯಾಗನ್ನು ಮೂಲೆಗೆ ಬಿಸಾಡಿ ಅಜ್ಜಿಯ ಮುಂದೆ ಕುಳಿತಳು. ಅಜ್ಜಿ ಕರಡಿಯ ಕಾಲಿಗೆ ಗುಂಡುಪಿನ್ನು ಚುಚ್ಚುತ್ತಿದ್ದಳು.

“ಎಲ್ಲಾ ನಿನ್ನಿಂದ್ಲೇ! ನಂಗೆ ಸುಳ್ಳು ಹೇಳೋಕಾಗ್ತಿಲ್ಲ, ಟೀಚರ್ ನಿಜ ಹೇಳೋಕ್ ಬಿಡ್ತಿಲ್ಲ. ನಾಳೆ ನನ್ನ ಪಾರ್ಟು ಹೋಗುತ್ತೆ.”

ಅಜ್ಜಿ ಬಾಯಲ್ಲಿ ಕಚ್ಚಿಕೊಂಡಿದ್ದ ಪಿನ್ನು ತೆಗೆದಳು. “ನಿಜ ಅಂದ್ರೆ ಏನು ಹೇಳ್ತೀಯ?”

“ಇಲ್ಲಿ ಒಳ್ಳೆ ಜನ ಇದ್ರು, ಕಾಡನ್ನ ಚೆನ್ನಾಗಿ ನೋಡ್ಕೊಂಡಿದ್ರು, ಆಫೀಸಿನವರು ಬಂದು ಓಡಿಸಿದ್ರು ಅಂತ.”

“ಅದೂ ಸುಳ್ಳೇ.”

ಮೈಕು ಕಣ್ಣರಳಿಸಿದಳು.

“ನಮ್ಮಪ್ಪ ಕೆಲಸಕ್ಕೆ ಹೋಗ್ತಿದ್ದಿದ್ದು ಸಾಮಿಲ್ಲಿಗೆ,” ಎಂದಳು ಅಜ್ಜಿ. “ಊರಲ್ಲಿ ಅರ್ಧ ಜನ ಅಲ್ಲೇ. ದೊಡ್ಡ ಕಂಪನಿ ಮರ ಕಡಿಸ್ತಿತ್ತು, ಇವರು ಕೊಯ್ತಿದ್ರು. ನಾನು ಚಿಕ್ಕೋಳಿದ್ದಾಗ ಮನೆ ಹಿಂದೇನೇ ಕಾಡು. ಐದನೇ ಕ್ಲಾಸಿಗೆ ಬರೋ ಹೊತ್ತಿಗೆ ಅರ್ಧ ಗಂಟೆ ನಡೆದ್ರೂ ನೆರಳು ಸಿಗ್ತಿರ್ಲಿಲ್ಲ. ಜಿಂಕೆ ಅನ್ನೋದನ್ನ ನಾನು ಒಂದೇ ಸಲ ನೋಡಿದ್ದು.”

“ಅಂದ್ರೆ… ಮುತ್ತಜ್ಜನೇ ಕಾಡು ಕಡಿದ್ರಾ?” ನಾಟಕದಲ್ಲಿ ಹೊರಗಿನಿಂದ ಬಂದು ಮರ ಕೊಯ್ಯುವವರು ಕೆಟ್ಟವರು. ಅವರಿಗೆ ಕಪ್ಪು ಮೀಸೆ ಅಂಟಿಸುವುದೆಂದು ಆಗಲೇ ತೀರ್ಮಾನವಾಗಿತ್ತು.

“ಕೊಯ್ದ್ರು. ಬೇರೆ ಕೆಲಸ ಇರ್ಲಿಲ್ಲ. ಕಂಪನಿಯವರು ಕಾರಲ್ಲಿ ಬಂದಿದ್ರು, ಕಾರಲ್ಲೇ ಹೋದ್ರು. ಲಾರಿ ಬಂದಿದ್ದು ನಮಗೆ ಮಾತ್ರ.” ಅಜ್ಜಿ ಇನ್ನೊಂದು ಪಿನ್ನು ಚುಚ್ಚಿದಳು. “ಹೇಳೋದಾದ್ರೆ ಪೂರ್ತಿ ಹೇಳು. ಅರ್ಧ ಹೊಲಿದ ಅಂಗಿ ಯಾರಿಗೆ ಬೇಕು?”

ಆ ರಾತ್ರಿ ಮೈಕು ತಟ್ಟೆಯಲ್ಲಿ ಬೆರಳಾಡಿಸುತ್ತಾ ಕುಳಿತಳು. ಊರಿತ್ತು ಅಂತ ಹೇಳಿದರೆ ಸಾಮಿಲ್ ವಿಷಯವೂ ಹೇಳಬೇಕು. ಅದನ್ನು ಹೇಳಿದರೆ ‘ಕಾಡು ಕಡಿದವರು ನಿಮ್ಮನೆಯವರಾ?’ ಅಂತ ಲೀಡರ್ ವರ್ಷವಿಡೀ ಕೇಳುತ್ತಾಳೆ. ಬಾಯಿ ಮುಚ್ಚಿಕೊಂಡಿದ್ದರೆ ಪಾರ್ಟು ಹೋಗುತ್ತದೆ. ಯಾವ ಕಡೆ ತಿರುಗಿದರೂ ಗೋಡೆ.

ಬುಧವಾರ ಮಧ್ಯಾಹ್ನ ಅಜ್ಜಿ ದೊಡ್ಡ ಬಟ್ಟೆಯ ಚೀಲ ಹಿಡಿದು ಸ್ಕೂಲಿಗೆ ಬಂದಳು. ಕುತ್ತಿಗೆಗೆ ಅಳತೆ ಟೇಪು. ಹಾಕಿ ನೋಡಿ, ಉದ್ದ ಗಿಡ್ಡ ಸರಿ ಮಾಡಬೇಕಿತ್ತು.

ಕರಡಿ ಹುಡುಗ ಅಂಗಿಯೊಳಗೆ ತಲೆ ತೂರಿಸಿ ಹೊರಗೆ ಬರಲಾಗದೆ ಗಿರಗಿರ ಸುತ್ತಿದ. “ಕಾಪಾಡಿ! ನನ್ನನ್ನ ಕರಡಿ ನುಂಗ್ತು!”

“ಕೈ ಹಾಕೋ ಜಾಗದಲ್ಲಿ ತಲೆ ಹಾಕಿದ್ರೆ ನುಂಗದೆ ಇರುತ್ತಾ?” ಎಂದು ಅಜ್ಜಿ ಅವನನ್ನು ಹೊರಗೆಳೆದಳು. ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಟೀಚರೂ ನಕ್ಕರು.

ನಗು ನಿಲ್ಲುತ್ತಿದ್ದ ಹಾಗೆ ಟೀಚರ್ ಒಂದು ಕುರ್ಚಿ ಎಳೆದು ತಂದರು. “ಕೂತ್ಕೊಳ್ಳಿ ಅಜ್ಜೀ. ನಿನ್ನೆ ಇವಳು ಏನೋ ಹೇಳೋಕ್ ಬಂದ್ಳು, ನಾನು ಸರಿಯಾಗಿ ಕೇಳಿಸ್ಕೊಳ್ಲಿಲ್ಲ. ಆ ಕಾಡಲ್ಲಿ ನಿಜವಾಗ್ಲೂ ಊರಿತ್ತಾ?”

“ಇತ್ತು ಟೀಚರಮ್ಮ,” ಎಂದಳು ಅಜ್ಜಿ. ಇಷ್ಟೇ ಹೇಳಿ ಮೈಕುವಿನ ಕಡೆ ನೋಡಿದಳು.

ಮೈಕು ಎದ್ದು ನಿಂತು, ಮೂವತ್ತೆಂಟು ಮನೆಗಳಿಂದ ಶುರು ಮಾಡಿದಳು. ಒಂದು ರೂಮಿನ ಸ್ಕೂಲು, ಬೆಂಚು, ಲಾರಿ. ಅಲ್ಲಿಗೇ ನಿಲ್ಲಿಸಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವಳು ಉಸಿರು ಎಳೆದುಕೊಂಡು ಸಾಮಿಲ್ ವಿಷಯವನ್ನೂ ಹೇಳಿದಳು, ಮುತ್ತಜ್ಜನ ವಿಷಯವನ್ನೂ.

“ಕಾಡು ಕಡಿದವರು ನಿಮ್ಮನೆಯವರಾ?” ಎಂದಳು ಲೀಡರ್. ಅಂದುಕೊಂಡ ಹಾಗೇ, ಒಂದಕ್ಷರವೂ ಬದಲಿಲ್ಲ.

“ಹೂಂ,” ಎಂದಳು ಮೈಕು. “ಅಲ್ಲಿಂದ ಎಬ್ಬಿಸಿದ್ದೂ ಅವರನ್ನೇ.”

ಲೀಡರ್ ಇನ್ನೇನೋ ಕೇಳಲು ಬಾಯಿ ತೆರೆದಳು. ಆದರೆ ಬೇರೆಯದನ್ನೇ ಕೇಳಿದಳು. “ಅಜ್ಜಿ, ಆ ಬೆಂಚು ಈಗೆಲ್ಲಿದೆ?”

“ಗೊತ್ತಿಲ್ಲಮ್ಮ. ಇಲ್ಲಿ ಇಳಿಸಿದ ಮೇಲೆ ಯಾರೋ ತಗೊಂಡು ಹೋದ್ರು.”

ಟೀಚರ್ ಆ ತೆಳ್ಳನೆಯ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಯೋಚಿಸುತ್ತಿದ್ದರು. “ನಾನು ಕಾಲೇಜಲ್ಲಿ ಓದಿದ್ದೆ,” ಎಂದರು ನಿಧಾನಕ್ಕೆ. “ಪ್ರಪಂಚದಲ್ಲಿ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನ ಮಾಡಿ ನೂರೈವತ್ತು ವರ್ಷದ ಮೇಲಾಯ್ತು. ಅಲ್ಲೂ ಜನ ಇದ್ರು. ಅವರನ್ನೂ ಹೊರಗೆ ಹಾಕಿದ್ರು. ಆಮೇಲೆ ಎಷ್ಟೋ ದೇಶಗಳಲ್ಲಿ ಅದನ್ನೇ ನೋಡ್ಕೊಂಡು ಮಾಡಿದ್ರು. ಓದಿದ್ದೆ, ಪರೀಕ್ಷೇಲಿ ಬರೆದೂ ಇದ್ದೆ. ಆದ್ರೆ ನಮ್ಮೂರಿಗೂ ಅದಕ್ಕೂ ಸಂಬಂಧ ಇದೆ ಅಂತ ಹೊಳೀಲೇ ಇಲ್ಲ ನೋಡಿ.”

ಅವರು ಪೆನ್ಸಿಲ್ ತೆಗೆದು ಸ್ಕ್ರಿಪ್ಟಿನ ಮೊದಲ ಸಾಲನ್ನು ಹೊಡೆದುಹಾಕಿದರು.

“ಮೈಕು, ನೀನೇ ಬರಿ. ಎಂಟು ಸಾಲು, ಅದಕ್ಕಿಂತ ಹೆಚ್ಚು ಬೇಡ. ಕಪ್ಪು ಮೀಸೇನೂ ಬೇಡ. ಆಫೀಸಿಗೆ ನಾನು ಫೋನ್ ಮಾಡ್ತೀನಿ.”

“ಅವರು ಬೇಡ ಅಂದ್ರೆ?” ಎಂದ ಕರಡಿ.

“ಅಂದಾಗ ನೋಡೋಣ. ನೀನು ಮೊದಲು ಕುಣಿಯೋದು ಕಲಿ.”

ಶುಕ್ರವಾರ ಹಾಲ್ ತುಂಬಿತ್ತು. ಕುರ್ಚಿ ಸಾಲದೆ ಕೆಲವರು ಗೋಡೆಗೆ ಒರಗಿ ನಿಂತಿದ್ದರು. ಮೊದಲ ಸಾಲಿನಲ್ಲಿ ಉದ್ಯಾನದ ಆಫೀಸರ್ ಮೇಡಂ, ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ. ಅಜ್ಜಿ ಮೂರನೇ ಸಾಲಿನ ತುದಿಯಲ್ಲಿ, ದಾರ ಕಿತ್ತುಬಂದರೆ ಬೇಕಾಗುತ್ತದೆಂದು ಸೂಜಿಯನ್ನು ಎದೆಯ ಮೇಲಿನ ಬಟ್ಟೆಗೆ ಸಿಕ್ಕಿಸಿಕೊಂಡು ಕುಳಿತಿದ್ದಳು. ಅಮ್ಮ ಕೊನೆಯ ಟ್ರಿಪ್ ಮುಗಿಸಿ ಓಡಿ ಬಂದು ಬಾಗಿಲಲ್ಲಿ ನಿಂತಳು.

ಪರದೆ ಸರಿಯಿತು. ಮೈಕು ಮುಂದೆ ಬಂದಳು. ಈ ಸಲ ಕೈ ಚಾಚಲಿಲ್ಲ.

“ಐವತ್ತು ವರ್ಷಗಳ ಹಿಂದೆ ಇಲ್ಲಿ ಮೂವತ್ತೆಂಟು ಮನೆಗಳಿದ್ದವು. ಒಂದು ಸ್ಕೂಲಿತ್ತು. ಒಂದು ಸಾಮಿಲ್ಲೂ ಇತ್ತು. ದೊಡ್ಡ ಕಂಪನಿ ಮರ ಕಡಿಸಿತು, ಆ ಮನೆಗಳವರು ಕೊಯ್ದರು. ಕಾಡು ಬೋಳಾಯಿತು. ಜಿಂಕೆಗಳು ಬರೀ ನಲವತ್ತು ಉಳಿದವು. ಕಾಡು ಉಳಿಸಬೇಕೆಂದು ಆ ಮೂವತ್ತೆಂಟು ಮನೆಯವರನ್ನು ಐದೇ ದಿನದಲ್ಲಿ ಎಬ್ಬಿಸಿದರು. ನನ್ನ ಅಜ್ಜಿ ಅವರಲ್ಲೊಬ್ಬಳು.”

ಆಫೀಸರ್ ಮೇಡಂ ಮುಖದಲ್ಲಿ ಏನಿದೆಯೆಂದು ಮೈಕುವಿಗೆ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು. “ಇತ್ತು! ನಮ್ಮನೆ ಹೊಳೆ ಆ ಕಡೆ!”

ಎಲ್ಲರೂ ತಿರುಗಿ ನೋಡಿದರು. ಅದು ಕಟಿಂಗ್ ಶಾಪಿನ ತಾತ. ಮೈಕುವಿಗೆ ಚಿಕ್ಕಂದಿನಿಂದ ತಲೆಕೂದಲು ಕತ್ತರಿಸಿದವರು. ಅವರೂ ಅಲ್ಲಿಯವರೆಂದು ಅವಳಿಗೆ ಗೊತ್ತೇ ಇರಲಿಲ್ಲ. ತಾತ ನಾಚಿಕೊಂಡು ಕೂತುಬಿಟ್ಟರು. ಆಮೇಲೆ ಜಿಂಕೆಗಳು ಓಡಿಬಂದವು, ಹಂದಿಗಳು ಬಂದವು, ಕರಡಿ ತಪ್ಪು ಕಾಲಿನಲ್ಲಿ ಕುಣಿದು ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ಗಿಟ್ಟಿಸಿತು.

ನಾಟಕ ಮುಗಿದ ಮೇಲೆ ಆಫೀಸರ್ ಮೇಡಂ ನೇರವಾಗಿ ಅಜ್ಜಿಯ ಹತ್ತಿರ ಬಂದರು. ಮೈಕು ಜನರ ಮಧ್ಯೆ ನುಸುಳಿ ಓಡಿದಳು.

“ಅಜ್ಜೀ, ನಮ್ಮ ಹಳೇ ಫೈಲಲ್ಲಿ ಮೂವತ್ತೊಂದು ಮನೆ ಅಂತಿದೆ,” ಎನ್ನುತ್ತಿದ್ದರು ಮೇಡಂ.

“ನಿಮ್ಗೆ ಗೊತ್ತಿತ್ತಾ ಹಾಗಾದ್ರೆ?” ಮೈಕುವಿನ ದನಿಗೆ ಇಡೀ ಹಾಲ್ ತಿರುಗಿತು.

ಮೇಡಂ ಸ್ವಲ್ಪ ಕೆಂಪಾದರು. “ಫೈಲಿಗೆ ಗೊತ್ತಿತ್ತು ಮರಿ. ಪುಸ್ತಕ ಬರೆದವರು ಫೈಲ್ ತೆಗೆದಿಲ್ಲ. ನಿಮ್ಮ ಟೀಚರ್ ಫೋನ್ ಮಾಡೋವರೆಗೂ ನಾನೂ ತೆಗೆದಿರ್ಲಿಲ್ಲ.”

“ಏಳು ಮನೆ ಬಾಡಿಗೆಯವು,” ಎಂದಳು ಅಜ್ಜಿ. “ಸಾಮಿಲ್ ಕೆಲಸಕ್ಕೆ ಎಲ್ಲಿಂದಲೋ ಬಂದವರು. ಅವರನ್ನ ಯಾರು ಬರ್ಕೋತಾರೆ?”

“ಹೆಸರು ನೆನಪಿದೆಯಾ?”

“ಐದು ಮನೇದು ನಂಗೆ ನೆನಪಿದೆ. ಉಳಿದದ್ದು ಅವನನ್ನ ಕೇಳಿ.” ಅಜ್ಜಿ ಕಟಿಂಗ್ ಶಾಪಿನ ತಾತನ ಕಡೆ ಕೈ ತೋರಿಸಿದಳು.

ಮೇಡಂ ಜೇಬಿನಿಂದ ಚಿಕ್ಕ ನೋಟ್‌ಬುಕ್ ತೆಗೆದು ನಿಂತಲ್ಲೇ ಬರೆದುಕೊಂಡರು. ಪುಸ್ತಕ ಬದಲಾಗುತ್ತದಾ ಎಂದು ಮೈಕು ಕೇಳಿದಳು. “ಮುಂದಿನ ಸಲ ಅಚ್ಚಾಗೋವಾಗ ಹೇಳ್ತೀನಿ. ಆದ್ರೆ ಅದು ನನ್ನೊಬ್ಬಳ ಕೈಯಲ್ಲಿಲ್ಲ,” ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು ಆ ಮಾತು. ಆದರೆ ಅವರು ಬರೆದುಕೊಂಡಿದ್ದನ್ನು ಮೈಕು ಕಣ್ಣಾರೆ ನೋಡಿದ್ದಳು.

ಅಮ್ಮ ಬಸ್ಸನ್ನು ಡಿಪೋದಲ್ಲಿ ಬಿಡಲು ಹೋದಳು. ಅಜ್ಜಿ ಮೊಮ್ಮಗಳು ನಡೆದುಕೊಂಡೇ ಹೊರಟರು. ಅಂಗಡಿಗಳ ದೀಪಗಳು ಒಂದೊಂದಾಗಿ ಹತ್ತುತ್ತಿದ್ದವು. ಆರು ಜಿಂಕೆ, ಎರಡು ಹಂದಿ, ಒಂದು ಕರಡಿ ಎಲ್ಲ ಅಜ್ಜಿಯ ಚೀಲದೊಳಗೆ ಮಡಚಿ ಮಲಗಿದ್ದವು.

“ಅಜ್ಜಿ, ಈಗ ವಾಪಸ್ ಬನ್ನಿ ಅಂದ್ರೆ ಹೋಗ್ತೀಯಾ?”

“ಎಲ್ಲಿಗೆ? ನಮ್ಮನೆ ಇದ್ದ ಜಾಗದಲ್ಲಿ ಈಗ ಜಿಂಕೆಗಳು ಮರಿ ಹಾಕ್ತಾವಂತೆ, ನಿಮ್ಮಮ್ಮ ಹೇಳಿದ್ಳು. ಬಾಣಂತಿಯರನ್ನ ಎಬ್ಬಿಸೋಕಾಗುತ್ತಾ?”

ಮೈಕು ನಕ್ಕಳು. ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಕೇಳಿದಳು. “ಹಾಗಾದ್ರೆ ಉದ್ಯಾನ ಮಾಡಿದ್ದು ಸರೀನಾ, ತಪ್ಪಾ?”

ಅಜ್ಜಿ ಎರಡೂ ಕಡೆ ನೋಡಿ ರಸ್ತೆ ದಾಟಿದಳು.

“ಮಾಡಿದ್ದು ಸರಿ ಇರಬಹುದು ಕಣೆ. ಮಾಡದೇ ಇದ್ದಿದ್ರೆ ಆ ನಲವತ್ತೂ ಉಳೀತಿರ್ಲಿಲ್ಲ. ಆದ್ರೆ ನಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ಕೇಳಿದ್ರೆ ನಮ್ಮಪ್ಪ ಹೂಂ ಅಂತಿದ್ರೇನೋ. ಊಹೂಂ ಅಂತಿದ್ರೇನೋ. ಕೇಳಿದ್ರಲ್ವಾ ಗೊತ್ತಾಗೋದು?”

ಚೀಲ ಭಾರವಿತ್ತು. ಅಜ್ಜಿ ಅದನ್ನು ಎಡಗೈಯಿಂದ ಬಲಗೈಗೆ ಬದಲಿಸಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಎಡಗೈಗೆ.

ಮೈಕು ಅದನ್ನು ಕಿತ್ತುಕೊಳ್ಳಲು ಕೈ ಹಾಕಿದಳು. ಕೈ ಅರ್ಧದಲ್ಲೇ ನಿಂತಿತು.

“ಅಜ್ಜಿ, ನಾನು ಹಿಡ್ಕೊಳ್ಲಾ?”

ಅಷ್ಟು ಮೆಲ್ಲಗೆ ಕೇಳಿದ್ದು ಅಜ್ಜಿಯ ಹೊರತು ಬೇರೆ ಯಾರಿಗೂ ಕೇಳಿಸಲಿಲ್ಲ. ಅಜ್ಜಿ ಅವಳ ಮುಖ ನೋಡಿದಳು, ಚೀಲ ನೋಡಿದಳು, ಒಂದು ಕ್ಷಣ ಯೋಚಿಸಿದಳು.

“ಒಂದು ಕಡೆ ಹಿಡ್ಕೋ,” ಎಂದಳು. “ಇನ್ನೊಂದು ಕಡೆ ನಾನಿದ್ದೀನಿ.”